ಹಾನಿಕರವೆಂದು ತಿಳಿದೂ ಮಾರುವುದು: ಆಹಾರ ಮತ್ತು ಔಷಧ ಮಾರಾಟದ ಅಪರಾಧಗಳಲ್ಲಿ ‘ತಿಳಿವು’ ಎಂಬ ಅಂಶ

ಅಧ್ಯಯನ ಲೇಖನ
(ಗ್ರಾಮ ಪಂಚಾಯತಿಗಳ ಚುನಾಯಿತ ಪ್ರತಿನಿಧಿಗಳು, ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳು, ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಗಳ ಸದಸ್ಯರು ಹಾಗೂ ಸ್ವಸಹಾಯ ಸಂಘಗಳ ಉಪಯೋಗಕ್ಕಾಗಿ)

ಬಟ್ಟೆ ಕೊಳ್ಳುವವನು ಅದನ್ನು ಎಳೆದು ನೋಡಬಲ್ಲ. ಗಡಿಗೆ ಕೊಳ್ಳುವವಳು ಬೆರಳಿನಿಂದ ತಟ್ಟಿ ನೋಡಬಲ್ಲಳು. ಅಡುಗೆ ಎಣ್ಣೆಯಲ್ಲಿ ಬೆರೆತ ವಿಷಬೀಜದ ಎಣ್ಣೆಯನ್ನಾಗಲಿ, ಕೆಮ್ಮಿನ ಸಿರಪ್ಪಿನಲ್ಲಿ ಸೇರಿಕೊಂಡ ಕಾರ್ಖಾನೆಯ ದ್ರಾವಕವನ್ನಾಗಲಿ ಹಾಗೆ ಪರೀಕ್ಷಿಸಿ ನೋಡುವ ಉಪಾಯ ಕೊಳ್ಳುವವರ ಬಳಿ ಇಲ್ಲ. ಈ ಅಸಹಾಯಕತೆಯನ್ನು ರಾಜ್ಯವ್ಯವಸ್ಥೆಗಳು ಬಹಳ ಹಿಂದೆಯೇ ಗುರುತಿಸಿವೆ. ಧಾನ್ಯ, ಎಣ್ಣೆ, ತುಪ್ಪ, ಉಪ್ಪು, ಸುಗಂಧದ್ರವ್ಯ ಮತ್ತು ಔಷಧಗಳಲ್ಲಿ ಅದೇ ಬಣ್ಣದ ಬೇರೆ ವಸ್ತುವನ್ನು ಬೆರೆಸಿದವನಿಗೆ 12 ಪಣಗಳ ದಂಡವನ್ನು ಕೌಟಿಲ್ಯನ ಅರ್ಥಶಾಸ್ತ್ರ ವಿಧಿಸುತ್ತದೆ. ಆಹಾರವನ್ನೂ ಔಷಧವನ್ನೂ ಒಂದೇ ಸಾಲಿನಲ್ಲಿರಿಸಿದ ಆ ದೃಷ್ಟಿ ಇಂದಿನ ದಂಡ ಸಂಹಿತೆಯಲ್ಲಿಯೂ ಮುಂದುವರಿದಿದೆ.

ಇಂತಹ ಪ್ರಕರಣಗಳು ಹಳ್ಳಿಯ ಮಟ್ಟದಲ್ಲಿ ಎದುರಾದಾಗ ಅಂಗಡಿಯವರಿಂದ ಮೊದಲು ಬರುವ ಉತ್ತರ ಸಾಮಾನ್ಯವಾಗಿ ಒಂದೇ: “ನನಗೆ ಗೊತ್ತಿರಲಿಲ್ಲ.” ಈ ಉತ್ತರ ಕೆಲವೊಮ್ಮೆ ಸತ್ಯ, ಕೆಲವೊಮ್ಮೆ ಸುಳ್ಳು. ಕೆಲವು ಕಾನೂನುಗಳ ಮುಂದೆ ಅದು ಸತ್ಯವಾಗಿದ್ದರೂ ಪ್ರಯೋಜನಕ್ಕೆ ಬಾರದು. ಯಾವ ಕಾನೂನಿನಲ್ಲಿ ಈ ಉತ್ತರಕ್ಕೆ ಎಷ್ಟು ಬೆಲೆ ಎಂಬುದನ್ನು ವಿವರಿಸುವುದೇ ಈ ಪಾಠದ ಉದ್ದೇಶ. ವಿಷಯವು ವಕೀಲರಿಗೆ ಮಾತ್ರ ಸೇರಿದ್ದಲ್ಲ. ತಿಳಿವು ಇತ್ತೇ ಇಲ್ಲವೇ ಎಂಬುದು ನ್ಯಾಯಾಲಯದಲ್ಲಿ ತೀರ್ಮಾನವಾಗುವುದು ಬಹುಮಟ್ಟಿಗೆ ಕಾಗದಪತ್ರಗಳಿಂದ. ಆ ಕಾಗದಗಳಲ್ಲಿ ಕೆಲವು ಹುಟ್ಟುವುದು ಗ್ರಾಮ ಪಂಚಾಯತಿಯ ಕಚೇರಿಯಲ್ಲಿಯೇ.

ದಂಡ ಸಂಹಿತೆಯ ಐದು ಕಲಂಗಳು

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆ, 2023ರಲ್ಲಿ ಈ ವಿಷಯಕ್ಕೆ ಸಂಬಂಧಿಸಿ ಐದು ಕಲಂಗಳಿವೆ. ಮಾರುವ ಉದ್ದೇಶದಿಂದ ಆಹಾರ ಅಥವಾ ಪಾನೀಯಕ್ಕೆ ಕಲಬೆರಕೆ ಮಾಡಿ ಅದನ್ನು ಹಾನಿಕರವಾಗಿಸುವುದು 274ನೇ ಕಲಮಿನ ಅಪರಾಧ. ಹಾನಿಕರವಾದ ಅಥವಾ ತಿನ್ನಲು, ಕುಡಿಯಲು ಯೋಗ್ಯವಲ್ಲದ ಸ್ಥಿತಿಗೆ ಬಂದ ವಸ್ತುವನ್ನು, ಹಾಗೆಂದು ತಿಳಿದೂ ಅಥವಾ ಹಾಗೆಂದು ನಂಬಲು ಕಾರಣವಿದ್ದೂ ಮಾರುವುದು ಅಥವಾ ಮಾರಾಟಕ್ಕಿಡುವುದು 275ನೇ ಕಲಮಿನ ಅಪರಾಧ. ಔಷಧದ ಕಲಬೆರಕೆಗೆ 276, ಕಲಬೆರಕೆಯಾದ ಔಷಧದ ಮಾರಾಟಕ್ಕೆ 277, ಒಂದು ಔಷಧವನ್ನು ಮತ್ತೊಂದೆಂದು ಮಾರುವುದಕ್ಕೆ 278. ಔಷಧದ ಕಲಬೆರಕೆಗೆ ಒಂದು ವರ್ಷದವರೆಗೆ, ಉಳಿದ ನಾಲ್ಕಕ್ಕೆ ಆರು ತಿಂಗಳವರೆಗೆ ಸೆರೆವಾಸ, ಅಥವಾ 5,000 ರೂಪಾಯಿಯವರೆಗೆ ಜುಲ್ಮಾನೆ, ಅಥವಾ ಎರಡೂ.

ಈ ಕಲಂಗಳು 1860ರ ಭಾರತೀಯ ದಂಡ ಸಂಹಿತೆಯ 272ರಿಂದ 276ರವರೆಗಿನ ಕಲಂಗಳ ಮುಂದುವರಿಕೆ. ಪದಗಳು ಬಹುತೇಕ ಅವೇ. ಅಂದು ಜುಲ್ಮಾನೆಯ ಮಿತಿ 1,000 ರೂಪಾಯಿ ಇತ್ತು. 1860ರಲ್ಲಿ ಸಾವಿರ ರೂಪಾಯಿ ಒಬ್ಬ ವ್ಯಾಪಾರಿಯ ಬಂಡವಾಳವನ್ನೇ ಅಲುಗಿಸುವ ಮೊತ್ತ. ನೂರಅರವತ್ತಮೂರು ವರ್ಷಗಳ ನಂತರ ಅದು ಐದು ಪಟ್ಟು ಮಾತ್ರ ಏರಿದೆ. ಒಂದು ಲಾರಿ ಕಲಬೆರಕೆ ಎಣ್ಣೆಯಿಂದ ದೊರೆಯುವ ಲಾಭದ ಮುಂದೆ ಇದು ಎಷ್ಟರ ದಂಡ ಎಂಬುದನ್ನು ಓದುಗರೇ ಲೆಕ್ಕ ಹಾಕಬಹುದು. ಆದುದರಿಂದಲೇ ಶಿಕ್ಷೆಯ ನಿಜವಾದ ಭಾರವನ್ನು ಇಂದು ಹೊತ್ತಿರುವುದು ಮುಂದೆ ವಿವರಿಸಲಾಗುವ ಎರಡು ವಿಶೇಷ ಕಾನೂನುಗಳು. ಆದರೂ ‘ತಿಳಿವು’ ಎಂಬುದರ ಅರ್ಥವನ್ನು ಗ್ರಹಿಸಲು ಸಂಹಿತೆಯ ಕಲಂಗಳಿಂದಲೇ ಆರಂಭಿಸುವುದು ಲೇಸು.

ತಿಳಿದಿರುವುದು ಬೇರೆ, ನಂಬಲು ಕಾರಣವಿರುವುದು ಬೇರೆ

275ನೇ ಕಲಮಿನಲ್ಲಿ ಎರಡು ಮಾತುಗಳಿವೆ: “ತಿಳಿದು” ಮತ್ತು “ನಂಬಲು ಕಾರಣವಿದ್ದು”. ಮೊದಲನೆಯದು ಮಾರಿದವನ ಮನಸ್ಸಿನಲ್ಲಿ ನಿಜವಾಗಿ ಏನಿತ್ತು ಎಂಬುದಕ್ಕೆ ಸಂಬಂಧಿಸಿದ್ದು. ಎರಡನೆಯದು ಅವನ ಕಣ್ಣ ಮುಂದಿದ್ದ ಸಂಗತಿಗಳಿಗೆ ಸಂಬಂಧಿಸಿದ್ದು. ಒಂದು ವಿಷಯವನ್ನು ನಂಬಲು ಸಾಕಷ್ಟು ಕಾರಣವಿದ್ದವನಿಗೆ ಮಾತ್ರ ‘ನಂಬಲು ಕಾರಣವಿತ್ತು’ ಎನ್ನಬಹುದೆಂದು ಸಂಹಿತೆಯ ವ್ಯಾಖ್ಯೆ ಹೇಳುತ್ತದೆ. ಬರಿಯ ಅನುಮಾನ ಇದಕ್ಕೆ ಸಾಲದು. ಹಾಗೆಯೇ ಕಾರಣಗಳೆಲ್ಲ ಎದುರಿಗಿದ್ದಾಗ “ನಾನು ಆ ಕಡೆ ಯೋಚಿಸಲೇ ಇಲ್ಲ” ಎಂಬ ಸಮಾಧಾನವೂ ನಿಲ್ಲದು.

ಒಬ್ಬ ಕಿರಾಣಿ ವ್ಯಾಪಾರಿಯ ಬಳಿಗೆ ಪರಿಚಯವಿಲ್ಲದ ಒಬ್ಬಾತ ಬಂದು ಅಡುಗೆ ಎಣ್ಣೆಯ ಡಬ್ಬಗಳನ್ನು ಪೇಟೆ ದರದ ಅರ್ಧಕ್ಕೆ ಕೊಡುತ್ತಾನೆಂದು ಭಾವಿಸೋಣ. ಬಿಲ್ಲು ಇಲ್ಲ, ಡಬ್ಬದ ಮೇಲಿನ ದಿನಾಂಕವನ್ನು ಕೆರೆದು ಹೊಸದಾಗಿ ಮುದ್ರೆ ಒತ್ತಲಾಗಿದೆ. ಕೊಂಡವರಲ್ಲಿ ಇಬ್ಬರು ವಾರದೊಳಗೆ ಮರಳಿ ಬಂದು ವಾಂತಿಯಾಯಿತೆಂದು ಹೇಳಿ ಹೋಗುತ್ತಾರೆ. ವ್ಯಾಪಾರಿ ಉಳಿದ ಡಬ್ಬಗಳನ್ನು ಮಾರುತ್ತಲೇ ಇರುತ್ತಾನೆ. ಎಣ್ಣೆಯಲ್ಲಿ ಏನು ಬೆರೆತಿತ್ತೆಂಬುದು ಅವನಿಗೆ ನಿಜವಾಗಿಯೂ ತಿಳಿಯದಿರಬಹುದು. ಆದರೆ ಅರ್ಧ ಬೆಲೆ, ಇಲ್ಲದ ಬಿಲ್ಲು, ಕೆರೆದ ದಿನಾಂಕ, ಬಂದ ದೂರು ಈ ನಾಲ್ಕೂ ಸೇರಿದ ಮೇಲೆ ನಂಬಲು ಕಾರಣವಿರಲಿಲ್ಲ ಎಂದು ವಾದಿಸುವುದು ಕಷ್ಟ. ಮೊದಲ ಡಬ್ಬವನ್ನು ಮಾರಿದ ದಿನಕ್ಕಿಂತ ದೂರು ಬಂದ ನಂತರ ಮಾರಿದ ಡಬ್ಬದ ವಿಷಯದಲ್ಲಿ ಅವನ ಹೊಣೆ ಹೆಚ್ಚು ಸ್ಪಷ್ಟ. ಆದುದರಿಂದ ಯಾವ ದಿನ ಯಾರು ಏನು ದೂರಿದರು ಎಂಬ ದಾಖಲೆ ಇಂತಹ ಪ್ರಕರಣಗಳಲ್ಲಿ ಪ್ರಯೋಗಾಲಯದ ವರದಿಯಷ್ಟೇ ಮುಖ್ಯ.

ಕೆಲವೊಮ್ಮೆ ಸಾಕ್ಷ್ಯವು ಮಾರುವವನ ಮನೆಯಲ್ಲಿಯೇ ಇರುತ್ತದೆ. ಬೆಲ್ಲಕ್ಕೆ ಹಳದಿ ಹೊಳಪು ಬರಲೆಂದು ಮಿತಿ ಮೀರಿ ಹೈಡ್ರೋಸ್ ಸುರಿಯುವ ಆಲೆಮನೆಯವನು ತನ್ನ ಮನೆಗೆ ಮಾತ್ರ ಏನೂ ಹಾಕದ ಕಪ್ಪು ಅಚ್ಚನ್ನು ಬೇರೆಯಾಗಿ ತೆಗೆದಿರಿಸಿಕೊಳ್ಳುವುದುಂಟು. ಮನೆಗೆ ಬೇರೆ, ಮಾರಾಟಕ್ಕೆ ಬೇರೆ ಎಂಬ ಈ ವ್ಯವಸ್ಥೆಗಿಂತ ಬಲವಾದ ತಿಳಿವಿನ ಸಾಕ್ಷ್ಯವನ್ನು ಊಹಿಸುವುದು ಕಷ್ಟ. ಮಾವಿನ ಬುಟ್ಟಿಯ ತಳದಲ್ಲಿ ದೊರೆಯುವ ಕಾರ್ಬೈಡ್ ಪೊಟ್ಟಣವೂ ಅಂತಹುದೇ. ಕ್ಯಾಲ್ಸಿಯಂ ಕಾರ್ಬೈಡಿನಿಂದ ಹಣ್ಣು ಮಾಗಿಸುವುದನ್ನು 2011ರ ಆಹಾರ ಸುರಕ್ಷತಾ ನಿಯಮಾವಳಿ ನಿಷೇಧಿಸಿದೆ. ಪೊಟ್ಟಣ ಕಟ್ಟಿ ಬುಟ್ಟಿಯೊಳಗೆ ಅಡಗಿಸಿದ ಕೈಗೆ ಅದರ ಅರಿವಿರಲಿಲ್ಲವೆಂದರೆ ಯಾರೂ ಒಪ್ಪರು.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಆಹಾರದ ಕಲಮಿನಲ್ಲಿ (275) “ನಂಬಲು ಕಾರಣವಿದ್ದು” ಎಂಬ ಮಾತಿದೆ. ಔಷಧ ಮಾರಾಟದ ಕಲಮಿನಲ್ಲಿ (277) “ತಿಳಿದು” ಎಂಬುದು ಮಾತ್ರ ಇದೆ. ಜೀವ ಉಳಿಸಬೇಕಾದ ಔಷಧದ ವಿಷಯದಲ್ಲಿ ಸಂಹಿತೆಯು ಹೆಚ್ಚು ಕಠಿಣವಾಗಿರಬೇಕಿತ್ತೆಂದು ಸಹಜವಾಗಿ ತೋರುತ್ತದೆ. ವಾಸ್ತವವಾಗಿ ಅಲ್ಲಿ ಸಾಬೀತಿನ ಹೊರೆ ಹೆಚ್ಚು. ಈ ಕೊರತೆಯನ್ನು ತುಂಬುವುದು 1940ರ ಔಷಧ ಮತ್ತು ಕಾಂತಿವರ್ಧಕ ಕಾಯಿದೆ.

‘ಹಾನಿಕರ’ ಎಂಬ ಪದ

ಹಾನಿಕರ ಎಂದರೆ ದೇಹದ ಆರೋಗ್ಯಕ್ಕೆ ಕೆಡುಕು ಮಾಡುವಂಥದು. ಮನಸ್ಸಿಗೆ ಹಿಡಿಸದ್ದು, ನಂಬಿಕೆಗೆ ಒಗ್ಗದ್ದು, ಕಡಿಮೆ ದರ್ಜೆಯದು ಇವೆಲ್ಲ ಈ ಪದದೊಳಗೆ ಬರುವುದಿಲ್ಲ. ಎಮ್ಮೆಯ ಹಾಲನ್ನು ಹಸುವಿನದೆಂದು ಮಾರಿದರೆ ಅದು ವಂಚನೆಯ ಪ್ರಶ್ನೆ. ಹಾಲಿಗೆ ಶುದ್ಧ ನೀರು ಬೆರೆಸುವುದು ಗುಣಮಟ್ಟ ಕುಗ್ಗಿಸುವ ಉಲ್ಲಂಘನೆ. ಅದಕ್ಕೆ ಐದು ಲಕ್ಷ ರೂಪಾಯಿಯವರೆಗೆ ದಂಡ ವಿಧಿಸುವ ಅಧಿಕಾರ ನ್ಯಾಯನಿರ್ಣಯ ಅಧಿಕಾರಿಯಾಗಿರುವ ಅಪರ ಜಿಲ್ಲಾಧಿಕಾರಿಯವರಿಗಿದೆ, ಆದರೆ ಸೆರೆವಾಸವಿಲ್ಲ. ಅದೇ ಹಾಲಿಗೆ ಕೆಡದಿರಲೆಂದು ಫಾರ್ಮಾಲಿನ್ ಹಾಕಿದರೆ ಅದು ಅಸುರಕ್ಷಿತ ಆಹಾರವಾಗುತ್ತದೆ, ಪ್ರಕರಣ ಕ್ರಿಮಿನಲ್ ನ್ಯಾಯಾಲಯಕ್ಕೆ ಹೋಗುತ್ತದೆ. ಗ್ರಾಮಸಭೆಯಲ್ಲಿ ‘ಕಲಬೆರಕೆ’ ಎಂಬ ಒಂದೇ ಮಾತಿನಿಂದ ಕರೆಯಲ್ಪಡುವ ಸಂಗತಿಗಳು ಕಾನೂನಿನ ಕಣ್ಣಿಗೆ ಹೀಗೆ ಬೇರೆಬೇರೆಯಾಗಿ ಕಾಣುತ್ತವೆ.

ತಿಳಿವು ಬೇಡದ ಅಪರಾಧ

ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆ, 2006 ಹಿಂದಿನ 1954ರ ಕಲಬೆರಕೆ ತಡೆ ಕಾಯಿದೆಯ ಸ್ಥಾನದಲ್ಲಿ ಬಂದಿತು. ಇದರ 59ನೇ ಕಲಮಿನ ಪ್ರಕಾರ ಅಸುರಕ್ಷಿತ ಆಹಾರವನ್ನು ಮಾರಾಟಕ್ಕಾಗಿ ತಯಾರಿಸುವುದು, ದಾಸ್ತಾನಿಡುವುದು, ಮಾರುವುದು, ಹಂಚುವುದು ಶಿಕ್ಷಾರ್ಹ. ಈ ಕಲಮಿನಲ್ಲಿ “ತಿಳಿದು” ಎಂಬ ಮಾತೇ ಇಲ್ಲ. ಯಾರಿಗೂ ತೊಂದರೆಯಾಗದಿದ್ದರೂ ಸೆರೆವಾಸಕ್ಕೆ ಅವಕಾಶವಿದೆ. ತಿಂದವರಿಗೆ ತೀವ್ರ ಹಾನಿಯಾದರೆ ಆರು ವರ್ಷಗಳವರೆಗೆ ಸೆರೆವಾಸ ಮತ್ತು ಐದು ಲಕ್ಷ ರೂಪಾಯಿಯವರೆಗೆ ಜುಲ್ಮಾನೆ. ಸಾವು ಸಂಭವಿಸಿದರೆ ಏಳು ವರ್ಷಕ್ಕೆ ಕಡಿಮೆಯಿಲ್ಲದ, ಜೀವಾವಧಿಯವರೆಗೂ ವಿಸ್ತರಿಸಬಹುದಾದ ಸೆರೆವಾಸ ಮತ್ತು ಹತ್ತು ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ಜುಲ್ಮಾನೆ. ಇದಲ್ಲದೆ 65ನೇ ಕಲಮಿನಂತೆ ಮೃತರ ಕುಟುಂಬಕ್ಕೆ ಐದು ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ಪರಿಹಾರವನ್ನು ಕೊಡಿಸಬಹುದು.

ತಿಳಿವಿಲ್ಲದವನನ್ನೂ ಶಿಕ್ಷಿಸುವುದು ಕ್ರೂರವಲ್ಲವೇ ಎಂಬ ಪ್ರಶ್ನೆ ಹೊಸದಲ್ಲ. ಹಳೆಯ ಕಾಯಿದೆಯ ಕಾಲದಲ್ಲಿ, 1970ರ ದಶಕದ ಆರಂಭದಲ್ಲಿ, ನಿಷೇಧಿತ ಸಿಹಿಕಾರಕಗಳನ್ನು ಬೆರೆಸಿದ ಸುವಾಸಿತ ಅಡಕೆ ಮಾರಿದ ಪ್ಯಾರಾಲಿ ತೇಜಾನಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಆಹಾರದ ಅಪರಾಧಗಳಲ್ಲಿ ಮಾರುವವನ ಮನೋಭಾವವನ್ನು ಅಳೆಯುತ್ತ ಕೂರಲಾಗದೆಂಬ ನಿಲುವನ್ನು ತಳೆಯಿತು. ಕಾರಣ ಸರಳ. ಕೊಳ್ಳುವವರಿಗೆ ಪರೀಕ್ಷಿಸುವ ಶಕ್ತಿಯಿಲ್ಲ, ಮಾರುವವನಿಗೆ ಕನಿಷ್ಠ ವಿಚಾರಿಸುವ ಅವಕಾಶವಾದರೂ ಇದೆ. 1998ರಲ್ಲಿ ದೆಹಲಿಯಲ್ಲಿ ಸಾಸಿವೆ ಎಣ್ಣೆಗೆ ಅರ್ಜಿಮೋನ್ ಬೀಜದ ಎಣ್ಣೆ ಬೆರೆತು 60ಕ್ಕೂ ಹೆಚ್ಚು ಜನ ಸತ್ತರು, ಸಾವಿರಾರು ಮಂದಿ ಕಾಲು ಬಾತು ಆಸ್ಪತ್ರೆ ಸೇರಿದರು. ಗಾಣದಿಂದ ಅಂಗಡಿಯವರೆಗೆ ಪ್ರತಿಯೊಬ್ಬನೂ “ಹಿಂದಿನವನಿಂದ ಬಂದದ್ದನ್ನು ಮುಂದಿನವನಿಗೆ ಕೊಟ್ಟೆ” ಎಂದರೆ, ಇಷ್ಟು ಸಾವುಗಳಿಗೆ ಹೊಣೆಗಾರನೇ ಇಲ್ಲದಂತಾಗುತ್ತದೆ.

ಹಾಗೆಂದು ಪ್ರಾಮಾಣಿಕ ವ್ಯಾಪಾರಿಗೆ ದಾರಿಯೇ ಇಲ್ಲವೆಂದಲ್ಲ. ಕಾಯಿದೆಯ 80ನೇ ಕಲಂ ‘ತಕ್ಕ ಎಚ್ಚರಿಕೆ’ಯ ರಕ್ಷಣೆಯನ್ನು ಒದಗಿಸಿದೆ. ತಪ್ಪು ಬೇರೊಬ್ಬನಿಂದಾಯಿತು, ತಾನು ಸಮಂಜಸವಾದ ತಪಾಸಣೆ ಮಾಡಿದ್ದೆ ಅಥವಾ ಸರಬರಾಜುದಾರನ ತಪಾಸಣೆಯನ್ನು ಅವಲಂಬಿಸಲು ಸಕಾರಣವಿತ್ತು, ಅನುಮಾನಕ್ಕೆ ಎಡೆಯಿರಲಿಲ್ಲ ಎಂಬುದನ್ನು ಆರೋಪಿಯೇ ತೋರಿಸಿಕೊಡಬೇಕು. ಅದೇ ಕಲಂ ಇನ್ನೊಂದು ಬಾಗಿಲನ್ನು ಮುಚ್ಚಿದೆ: “ತಪ್ಪಾಗಿ ಆದರೆ ಸಕಾರಣವಾಗಿ ಹಾಗೆ ಭಾವಿಸಿದ್ದೆ” ಎಂಬುದು ರಕ್ಷಣೆಯಲ್ಲ. ಎಂದರೆ ಕಾನೂನು ಕೇಳುವುದು ಏನನ್ನು ಭಾವಿಸಿದೆ ಎಂದಲ್ಲ, ಏನು ಮಾಡಿದೆ ಎಂದು. ಈ ರಕ್ಷಣೆಯ ಬೇರು ಒಂದು ಚಿಕ್ಕ ಕಾಗದದಲ್ಲಿದೆ. 26ನೇ ಕಲಮಿನ ಪ್ರಕಾರ ತಯಾರಕ ಅಥವಾ ವಿತರಕನು ಅಂಗಡಿಯವನಿಗೆ ಸರಕಿನ ಗುಣಮಟ್ಟದ ಬಗ್ಗೆ ಲಿಖಿತ ಖಾತರಿ ಕೊಡಬೇಕು. ಬಿಲ್ಲು ಅಥವಾ ಇನ್‌ವಾಯ್ಸನ್ನೇ ಅಂತಹ ಖಾತರಿಯೆಂದು ಪರಿಗಣಿಸಲಾಗುತ್ತದೆ. ತೆರಿಗೆ ಉಳಿಯಿತೆಂದು ಬಿಲ್ಲಿಲ್ಲದೆ ಸರಕು ತರುವವನು ತನ್ನ ಖಾತರಿಯನ್ನೇ ಬಿಟ್ಟು ಬರುತ್ತಾನೆ. ಮತ್ತೊಂದೆಡೆ, 27ನೇ ಕಲಂ ಮಾರಾಟಗಾರನ ಹೊಣೆಗಳನ್ನು ಎಣಿಸುತ್ತದೆ: ಅವಧಿ ಮೀರಿದ ಸರಕು, ಅಶುಚಿಯಾಗಿ ಇರಿಸಿದ ಸರಕು, ಯಾರಿಂದ ಬಂದಿತೆಂದು ಗುರುತಿಸಲಾಗದ ಸರಕು ಮತ್ತು ಅಸುರಕ್ಷಿತವೆಂದು ತಿಳಿದೂ ಪಡೆದ ಸರಕು.

ಸ್ವಸಹಾಯ ಸಂಘಗಳ ಸದಸ್ಯೆಯರು ಈ ಭಾಗವನ್ನು ವಿಶೇಷವಾಗಿ ಗಮನಿಸಬೇಕು. ಹಪ್ಪಳ, ಉಪ್ಪಿನಕಾಯಿ, ಚಟ್ನಿಪುಡಿ ತಯಾರಿಸಿ ಮಾರುವ ಸಂಘವೂ ಕಾನೂನಿನ ಮಾತಿನಲ್ಲಿ ಆಹಾರ ಉದ್ಯಮಿಯೇ. ಮೆಣಸಿನಪುಡಿ, ಅರಿಶಿನಪುಡಿ, ಎಣ್ಣೆ ಎಲ್ಲಿಂದ ಬಂದವೆಂಬ ಬಿಲ್ಲುಗಳನ್ನು ದಿನಾಂಕವಾರು ಒಂದು ಕಡತದಲ್ಲಿಟ್ಟರೆ ಅದೇ ಸಂಘದ ರಕ್ಷೆ. ಅಂಗಡಿಯ ಗೋಡೆಗೆ ತೂಗುಹಾಕಿದ 14 ಅಂಕಿಗಳ ನೋಂದಣಿ ಪತ್ರ ಅಗತ್ಯವೇ. ಆದರೆ ಅದೊಂದೇ ಸರಕಿನ ಸುರಕ್ಷತೆಗೆ ಸಾಕ್ಷಿಯಾಗದು.

ಎರಡು ಕಾನೂನುಗಳು ಒಂದೇ ಕೃತ್ಯವನ್ನು ಹಿಡಿದಾಗ ಯಾವುದು ಮೇಲು? ರಾಮನಾಥ್ ವಿರುದ್ಧ ಉತ್ತರ ಪ್ರದೇಶ ರಾಜ್ಯ ಪ್ರಕರಣದಲ್ಲಿ 2024ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಇದಕ್ಕೆ ಉತ್ತರಿಸಿತು. 2006ರ ಕಾಯಿದೆಯ 89ನೇ ಕಲಂ ಅದಕ್ಕೆ ಇತರ ಕಾನೂನುಗಳ ಮೇಲೆ ಪ್ರಾಬಲ್ಯ ನೀಡಿರುವುದರಿಂದ, 59ನೇ ಕಲಂ ಅನ್ವಯವಾಗುವಲ್ಲಿ ದಂಡ ಸಂಹಿತೆಯ 272 ಮತ್ತು 273ನೇ ಕಲಂಗಳಡಿ ಅದರ ಜೊತೆಯಲ್ಲಿಯೇ ಮೊಕದ್ದಮೆ ನಡೆಸುವಂತಿಲ್ಲ. ಹೊಸ ಸಂಹಿತೆಯ 274, 275ನೇ ಕಲಂಗಳು ಅವುಗಳದೇ ರೂಪವಾದ್ದರಿಂದ ತರ್ಕವು ಅವುಗಳಿಗೂ ಸಲ್ಲುತ್ತದೆ. ಇದರ ವ್ಯಾವಹಾರಿಕ ಅರ್ಥವನ್ನು ಪಂಚಾಯತಿಗಳು ಮನದಟ್ಟು ಮಾಡಿಕೊಳ್ಳಬೇಕು. ಹಾನಿಕರ ಆಹಾರದ ದೂರನ್ನು ಪೊಲೀಸ್ ಠಾಣೆಗೆ ಮಾತ್ರ ಕೊಟ್ಟು ಕೈತೊಳೆದುಕೊಂಡರೆ ಪ್ರಕರಣವು ನ್ಯಾಯಾಲಯದಲ್ಲಿ ಕುಸಿಯುವ ಸಂಭವವಿದೆ. ಸಂಹಿತೆಯ ಈ ಆಹಾರ ಕಲಂಗಳು ಅಸಂಜ್ಞೇಯವೂ ಹೌದು, ಅಂದರೆ ದಂಡಾಧಿಕಾರಿಯ ಆದೇಶವಿಲ್ಲದೆ ಪೊಲೀಸರು ತನಿಖೆ ನಡೆಸುವಂತಿಲ್ಲ. ದೂರು ಮೊದಲು ತಲುಪಬೇಕಾದದ್ದು ತಾಲ್ಲೂಕಿನ ಆಹಾರ ಸುರಕ್ಷತಾಧಿಕಾರಿಗೆ ಮತ್ತು ಜಿಲ್ಲೆಯ ಅಂಕಿತ ಅಧಿಕಾರಿಗೆ.

ಔಷಧದ ಸರಪಳಿ

ಔಷಧದ ವಿಷಯದಲ್ಲಿ ಸ್ಥಿತಿ ಬೇರೆ. 1940ರ ಕಾಯಿದೆಯ 32ನೇ ಕಲಂ ಬೇರೆ ಕಾನೂನಿನಡಿ ಮೊಕದ್ದಮೆ ಹೂಡುವುದಕ್ಕೆ ಅಡ್ಡಿಯಿಲ್ಲವೆಂದು ಸ್ಪಷ್ಟವಾಗಿ ಹೇಳುತ್ತದೆ. ಆದುದರಿಂದ ಕಲಬೆರಕೆ ಔಷಧ ಮಾರಿದವನು ಆ ಕಾಯಿದೆಗೂ ದಂಡ ಸಂಹಿತೆಗೂ ಉತ್ತರಿಸಬೇಕಾಗಬಹುದು. ಸಾವು ಉಂಟಾಗುವ ಸಂಭವವಿದೆಯೆಂಬ ತಿಳಿವಿನಿಂದ ಮಾಡಿದ ಕೃತ್ಯವಾಗಿದ್ದರೆ 105ನೇ ಕಲಮಿನ ಅಪರಾಧಿಕ ಮಾನವಹತ್ಯೆಯ ಆರೋಪವೂ ಬರಬಹುದು. ಕಾಯಿದೆಯ 27ನೇ ಕಲಂ ವಿಧಿಸುವ ಶಿಕ್ಷೆಗಳು ತೀವ್ರ. ಕಲಬೆರಕೆ ಅಥವಾ ನಕಲಿ ಔಷಧದಿಂದ ಸಾವು ಅಥವಾ ತೀವ್ರ ಹಾನಿಯಾದರೆ ಹತ್ತು ವರ್ಷಕ್ಕೆ ಕಡಿಮೆಯಿಲ್ಲದ, ಜೀವಾವಧಿಯವರೆಗೆ ವಿಸ್ತರಿಸಬಹುದಾದ ಸೆರೆವಾಸ. ಜುಲ್ಮಾನೆ ಹತ್ತು ಲಕ್ಷ ರೂಪಾಯಿ ಅಥವಾ ಜಪ್ತಾದ ಸರಕಿನ ಮೌಲ್ಯದ ಮೂರರಷ್ಟು, ಯಾವುದು ಹೆಚ್ಚೋ ಅದಕ್ಕೆ ಕಡಿಮೆಯಿಲ್ಲದಂತೆ. ಆ ಹಣ ಬಾಧಿತರಿಗೆ ಅಥವಾ ಮೃತರ ಬಂಧುಗಳಿಗೆ ಸಲ್ಲಬೇಕು. ಯಾರಿಗೂ ಹಾನಿಯಾಗದಿದ್ದರೂ ನಕಲಿ ಔಷಧಕ್ಕೆ ಏಳು ವರ್ಷಗಳ ಕನಿಷ್ಠ ಶಿಕ್ಷೆಯಿದೆ.

ಔಷಧದಲ್ಲಿ ವಿಷ ಸೇರುವ ಬಗೆಯನ್ನು ತಿಳಿಯದೆ ಈ ತೀವ್ರತೆಯ ಅರ್ಥವಾಗದು. ಸಿರಪ್ಪುಗಳಿಗೆ ಸಿಹಿ ಹಾಗೂ ಮಂದತೆ ಕೊಡಲು ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್ ಮುಂತಾದ ದ್ರವಗಳನ್ನು ಬಳಸುತ್ತಾರೆ. ಇವುಗಳಂತೆಯೇ ಕಾಣುವ, ಸಿಹಿಯಾಗಿಯೇ ಇರುವ, ಅಗ್ಗವಾದ ಕಾರ್ಖಾನೆಯ ದ್ರಾವಕ ಡೈಎಥಿಲೀನ್ ಗ್ಲೈಕಾಲ್. ಅದು ಮೂತ್ರಪಿಂಡಗಳನ್ನು ನಿಲ್ಲಿಸಿಬಿಡುತ್ತದೆ. ಚಿಕ್ಕ ಮಕ್ಕಳು ಮೂತ್ರ ಕಟ್ಟಿ ಸಾಯುತ್ತಾರೆ. 1986ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಇದು ಬೆರೆತ ಗ್ಲಿಸರಿನ್ ಕುಡಿಸಿದ್ದರಿಂದ 14 ರೋಗಿಗಳು ಸತ್ತರು; ನ್ಯಾಯಮೂರ್ತಿ ಲೆಂಟಿನ್ ಆಯೋಗ ಅದರ ವಿಚಾರಣೆ ನಡೆಸಿತು. ಸುಮಾರು ನಲವತ್ತು ವರ್ಷಗಳ ನಂತರ, 2025ರಲ್ಲಿ, ಮಧ್ಯಪ್ರದೇಶದ ಛಿಂದ್ವಾಡಾ ಜಿಲ್ಲೆಯಲ್ಲಿ ಕೆಮ್ಮಿನ ಸಿರಪ್ ಕುಡಿದ 20ಕ್ಕೂ ಹೆಚ್ಚು ಮಕ್ಕಳು ಅದೇ ಬಗೆಯಲ್ಲಿ ಸತ್ತರು. ತಮಿಳುನಾಡಿನ ಪ್ರಯೋಗಾಲಯವು ಆ ಸಿರಪ್ಪಿನ ಮಾದರಿಯಲ್ಲಿ ಶೇ. 48.6ರಷ್ಟು ಡೈಎಥಿಲೀನ್ ಗ್ಲೈಕಾಲ್ ಕಂಡಿತು. ಅನುಮತಿಸಿದ ಮಿತಿ ಶೇ. 0.1. ಬಾಟಲಿಯ ಅರ್ಧದಷ್ಟು ವಿಷವೇ ಆಗಿರುವಾಗ ಅದನ್ನು ಆಕಸ್ಮಿಕ ಸೋಂಕು ಎನ್ನುವುದು ಸುಲಭವಲ್ಲ. ಆದರೂ ತಯಾರಕ, ವಿತರಕ, ಅಂಗಡಿ, ವೈದ್ಯ ಇವರಲ್ಲಿ ಯಾರಿಗೆ ಏನು ತಿಳಿದಿತ್ತೆಂಬುದನ್ನು ನಿರ್ಣಯಿಸುವುದು ನ್ಯಾಯಾಲಯದ ಕೆಲಸ.

ಸರಪಳಿಯ ಕೊನೆಯಲ್ಲಿರುವ ಅಂಗಡಿಯವನಿಗೆ 1940ರ ಕಾಯಿದೆಯ 19ನೇ ಕಲಂ ಏನು ಹೇಳುತ್ತದೆ? ಔಷಧದ ಸ್ವರೂಪ ಅಥವಾ ಗುಣಮಟ್ಟ ತನಗೆ ತಿಳಿದಿರಲಿಲ್ಲವೆಂದು ಮಾತ್ರ ತೋರಿಸುವುದು ರಕ್ಷಣೆಯಾಗದು. ಅವನು ಮೂರನ್ನೂ ತೋರಿಸಬೇಕು: ಪರವಾನಗಿ ಇರುವವನಿಂದಲೇ ಕೊಂಡಿದ್ದನು, ದೋಷ ಅವನಿಗೆ ತಿಳಿದಿರಲಿಲ್ಲ ಮತ್ತು ಸಮಂಜಸ ಎಚ್ಚರಿಕೆಯಿಂದಲೂ ತಿಳಿಯಲು ಸಾಧ್ಯವಿರಲಿಲ್ಲ, ತನ್ನ ಬಳಿ ಇದ್ದಷ್ಟು ಕಾಲ ಸರಿಯಾಗಿ ಇರಿಸಿ, ಬಂದ ಸ್ಥಿತಿಯಲ್ಲಿಯೇ ಮಾರಿದ್ದನು. ಮುಚ್ಚಿದ ಬಾಟಲಿಯೊಳಗಿನ ರಾಸಾಯನಿಕವನ್ನು ಹಳ್ಳಿಯ ಔಷಧ ವ್ಯಾಪಾರಿ ಪತ್ತೆ ಮಾಡಬೇಕೆಂದು ಕಾನೂನು ಹೇಳುವುದಿಲ್ಲ. ಬಿಲ್ಲು ಇಟ್ಟಿರಬೇಕು, ತಂಪಿನಲ್ಲಿಡಬೇಕಾದದ್ದನ್ನು ತಂಪಿನಲ್ಲಿಟ್ಟಿರಬೇಕು, ಯಾರಿಂದ ತಂದೆನೆಂದು ಔಷಧ ಪರಿವೀಕ್ಷಕರು ಕೇಳಿದಾಗ ಹೆಸರು ವಿಳಾಸ ಹೇಳಬೇಕು. ಈ ಕೊನೆಯ ಮಾತನ್ನು ಮುಚ್ಚಿಡುವುದು ಅದಾಗಿಯೇ ಬೇರೊಂದು ಅಪರಾಧ.

ಹಳ್ಳಿಗಳಲ್ಲಿ ಹೆಚ್ಚಾಗಿ ಕಾಣುವ ಅಪಾಯ ಇದಕ್ಕಿಂತ ಸಾಧಾರಣವಾದದ್ದು. ಕಿರಾಣಿ ಅಂಗಡಿಯ ಡಬ್ಬಿಯಲ್ಲಿ ಬೀಡಿ ಕಟ್ಟಿನ ಪಕ್ಕದಲ್ಲಿ ಜ್ವರದ, ಭೇದಿಯ, ನೋವಿನ ಮಾತ್ರೆಗಳ ತುಂಡು ಪಟ್ಟಿಗಳು ಇರುತ್ತವೆ. ದಿನಾಂಕವಿದ್ದ ತುದಿ ಯಾವಾಗಲೋ ಹರಿದುಹೋಗಿರುತ್ತದೆ. ಜನಸಂಖ್ಯೆ ಒಂದು ಸಾವಿರ ಮೀರದ ಹಳ್ಳಿಗಳಲ್ಲಿ ಕೆಲವು ಮನೆಬಳಕೆಯ ಔಷಧಗಳಿಗೆ ಷರತ್ತಿನ ವಿನಾಯಿತಿಯುಂಟು: ಮೂಲ ಪೊಟ್ಟಣ ಒಡೆದಿರಬಾರದು, ಪರವಾನಗಿಯುಳ್ಳ ಸಗಟು ವ್ಯಾಪಾರಿಯಿಂದಲೇ ತಂದಿರಬೇಕು. ವೈದ್ಯರ ಚೀಟಿ ಬೇಕಾದ ಪ್ರತಿಜೀವಕಗಳು ಈ ವಿನಾಯಿತಿಗೆ ಸೇರವು. ಪರವಾನಗಿಯಿಲ್ಲದೆ ಔಷಧ ಮಾರಿದರೆ ಮೂರರಿಂದ ಐದು ವರ್ಷಗಳ ಸೆರೆವಾಸ ಮತ್ತು ಒಂದು ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ಜುಲ್ಮಾನೆ. ನೆರೆಹೊರೆಗೆ ಉಪಕಾರವೆಂದು ಎರಡು ಮಾತ್ರೆ ಕೊಡುವ ಅಂಗಡಿಯಜ್ಜನಿಗೆ ಈ ಮಾತನ್ನು ಪೊಲೀಸರಿಗಿಂತ ಮೊದಲು ಆಶಾ ಕಾರ್ಯಕರ್ತೆಯೇ ತಿಳಿಸುವುದು ಒಳ್ಳೆಯದು.

ಪಂಚಾಯತಿಯ ನೋಟಿಸು

2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರವು ಬೊಂಬಾಯಿ ಮಿಠಾಯಿಯಲ್ಲಿ ರೋಡಮಿನ್-ಬಿ ಬಣ್ಣದ ಬಳಕೆಯನ್ನೂ ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣದ ಬಳಕೆಯನ್ನೂ ನಿಷೇಧಿಸಿತು. ಅದೇ ವರ್ಷದ ಜೂನ್‌ನಲ್ಲಿ ಕಬಾಬ್‌ಗಳಿಗೂ ಕೃತಕ ಬಣ್ಣವನ್ನು ನಿಷೇಧಿಸಲಾಯಿತು. ರೋಡಮಿನ್-ಬಿ ಬಟ್ಟೆಗೆ ಹಾಕುವ ಬಣ್ಣ. ಜಾತ್ರೆಯಿಂದ ಜಾತ್ರೆಗೆ ಯಂತ್ರ ಹೊತ್ತು ಅಲೆಯುವ ಮಿಠಾಯಿಯವನು ಆ ಪುಡಿಯನ್ನು ‘ಗುಲಾಬಿ ಬಣ್ಣ’ ಎಂದಷ್ಟೇ ಬಲ್ಲ. ಸಿಕ್ಕಿಬೀಳುವವನು ಅವನು, ಚೀಟಿಯಿಲ್ಲದ ಪೊಟ್ಟಣದಲ್ಲಿ ಬಣ್ಣ ತುಂಬಿ ಕೊಟ್ಟವನು ಪೇಟೆಯಲ್ಲಿ ನಿಶ್ಚಿಂತನಾಗಿರುತ್ತಾನೆ. ಕಾನೂನಿನ ಈ ಅಸಮತೋಲನವನ್ನು ಸರಿಪಡಿಸಲು ಪಂಚಾಯತಿಗೆ ಶಕ್ತಿಯಿಲ್ಲ. ಆದರೆ ತಿಳಿಯದವನನ್ನು ತಿಳಿದವನನ್ನಾಗಿ ಮಾಡುವ ಶಕ್ತಿ ಇದೆ.

ಸಂತೆ ಅಥವಾ ಜಾತ್ರೆಯ ಜಾಗ ಹಂಚುವಾಗ ಪ್ರತಿ ಆಹಾರ ವ್ಯಾಪಾರಿಗೆ ಕನ್ನಡದಲ್ಲಿ ಒಂದು ಪುಟದ ತಿಳಿವಳಿಕೆ ಪತ್ರ ಕೊಟ್ಟು, ಓದಲು ಬಾರದವನಿಗೆ ಓದಿ ಹೇಳಿ, ದಿನಾಂಕ ಸಹಿತ ರುಜು ಅಥವಾ ಹೆಬ್ಬೆಟ್ಟು ಪಡೆದು ವಹಿಯಲ್ಲಿ ನಮೂದಿಸಿದರೆ ಎರಡು ಕೆಲಸಗಳಾಗುತ್ತವೆ. ಪ್ರಾಮಾಣಿಕನಿಗೆ ತಿದ್ದಿಕೊಳ್ಳಲು ಸಮಯ ಸಿಗುತ್ತದೆ. ತಿದ್ದಿಕೊಳ್ಳದವನ “ಗೊತ್ತಿರಲಿಲ್ಲ” ಎಂಬ ಮಾತು ಆ ದಿನಾಂಕದಿಂದ ಮುಂದೆ ನಿಲ್ಲುವುದಿಲ್ಲ. ಡಂಗುರ ಸಾರಿಸುವುದು, ಧ್ವನಿವರ್ಧಕದಲ್ಲಿ ಹೇಳಿಸುವುದು ಜನಜಾಗೃತಿಗೆ ಒಳ್ಳೆಯದು. ಆದರೆ ನಿರ್ದಿಷ್ಟ ವ್ಯಕ್ತಿಗೆ ತಿಳಿದಿತ್ತೆಂದು ತೋರಿಸಲು ರುಜುವಿರುವ ಕಾಗದವೇ ಬೇಕು.

ಹಾನಿ ಸಂಭವಿಸಿದ ಮೇಲೆ ಆಗುವ ತಪ್ಪುಗಳಲ್ಲಿ ದೊಡ್ಡದು ಸಾಕ್ಷ್ಯವನ್ನು ಎಸೆಯುವುದು. ಮದುವೆ ಮನೆಯಲ್ಲೋ ಶಾಲೆಯಲ್ಲೋ ಹಲವರಿಗೆ ವಾಂತಿಯಾದಾಗ ಮೊದಲು ಆಸ್ಪತ್ರೆ. ಅದರ ಜೊತೆಜೊತೆಗೇ ಉಳಿದ ಅಡುಗೆ, ಎಣ್ಣೆಯ ಡಬ್ಬ, ಪೊಟ್ಟಣದ ಚೀಟಿ ಇವುಗಳನ್ನು ತೊಳೆಯದೆ, ಚೆಲ್ಲದೆ ಮುಚ್ಚಿಡಬೇಕು. ಆದರೆ ಮನೆಯವರು ತೆಗೆದಿಟ್ಟ ತುಣುಕು ಕಾನೂನಿನ ಅರ್ಥದಲ್ಲಿ ‘ಮಾದರಿ’ ಆಗದು. ಆಹಾರ ಸುರಕ್ಷತಾಧಿಕಾರಿಯು ವ್ಯಾಪಾರಿಗೆ ನೋಟಿಸು ಕೊಟ್ಟು, ಮಾದರಿಯನ್ನು ನಾಲ್ಕು ಭಾಗ ಮಾಡಿ ಮೊಹರು ಮಾಡಬೇಕು. ಒಂದು ಭಾಗ ಆಹಾರ ವಿಶ್ಲೇಷಕರಿಗೆ, ಎರಡು ಅಂಕಿತ ಅಧಿಕಾರಿಗೆ. ಉಳಿದ ಒಂದನ್ನು ವ್ಯಾಪಾರಿ ಕೋರಿದರೆ ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳುಹಿಸಲಾಗುತ್ತದೆ. ವಿಶ್ಲೇಷಕರು 14 ದಿನಗಳಲ್ಲಿ ವರದಿ ಕೊಡಬೇಕು. ವರದಿಯನ್ನು ಒಪ್ಪದವರು ಮೇಲ್ಮನವಿ ಸಲ್ಲಿಸಿದಾಗ ಮಾದರಿಯು ಉಲ್ಲೇಖಿತ ಪ್ರಯೋಗಾಲಯಕ್ಕೆ ಹೋಗುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಅಂತಹವುಗಳಲ್ಲೊಂದು.

ಅಧಿಕಾರಿ ಬರುವವರೆಗೆ ಕಾಯಲೊಲ್ಲದ ಗ್ರಾಹಕರಿಗೂ ಅವಕಾಶವಿದೆ, ಇದು ಬಹಳ ಮಂದಿಗೆ ತಿಳಿಯದು. 2006ರ ಕಾಯಿದೆಯ 40ನೇ ಕಲಮಿನಂತೆ ಕೊಂಡವರೇ ಶುಲ್ಕ ಕಟ್ಟಿ ಆಹಾರವನ್ನು ಪರೀಕ್ಷೆಗೆ ಕೊಡಬಹುದು. ಕೊಳ್ಳುವ ಹೊತ್ತಿನಲ್ಲಿಯೇ ಆ ಉದ್ದೇಶವನ್ನು ಅಂಗಡಿಯವನಿಗೆ ತಿಳಿಸಿರಬೇಕು. ದೋಷ ಕಂಡುಬಂದರೆ ಶುಲ್ಕ ಮರಳುತ್ತದೆ. ಔಷಧಕ್ಕೆ 1940ರ ಕಾಯಿದೆಯ 26ನೇ ಕಲಮಿನಡಿ ಇಂತಹುದೇ ಹಕ್ಕು ಕೊಂಡವರಿಗೂ ಮಾನ್ಯತೆ ಪಡೆದ ಗ್ರಾಹಕ ಸಂಘಗಳಿಗೂ ಇದೆ. ಬಾಟಲಿಯ ಬ್ಯಾಚ್ ಸಂಖ್ಯೆ, ತಯಾರಿಕೆಯ ದಿನಾಂಕ, ಕೊಂಡ ಬಿಲ್ಲು ಈ ಮೂರೂ ಇಲ್ಲದಿದ್ದರೆ ವರದಿ ಬಂದರೂ ಅದು ಯಾರತ್ತ ಬೆರಳು ತೋರುವುದೆಂದು ಹೇಳಲಾಗದು.

ಕಾಲಮಿತಿಯನ್ನೂ ಮರೆಯಬಾರದು. ಆಹಾರದ ಅಪರಾಧವನ್ನು ನ್ಯಾಯಾಲಯವು ಕೃತ್ಯ ನಡೆದ ಒಂದು ವರ್ಷದೊಳಗೆ ವಿಚಾರಣೆಗೆ ಅಂಗೀಕರಿಸಬೇಕು. ಕಾರಣಗಳನ್ನು ಬರಹದಲ್ಲಿ ದಾಖಲಿಸಿ ಆಹಾರ ಸುರಕ್ಷತಾ ಆಯುಕ್ತರು ಒಪ್ಪಿದರೆ ಮಾತ್ರ ಅದು ಮೂರು ವರ್ಷಗಳವರೆಗೆ ವಿಸ್ತರಿಸುತ್ತದೆ. ಗ್ರಾಮಸಭೆಯಲ್ಲಿ ಬಂದ ದೂರನ್ನು ನಡವಳಿ ಪುಸ್ತಕದಲ್ಲಿ ಬರೆದು ಮುಂದಿನ ಸಭೆಗೆ ಮುಂದೂಡುವ ರೂಢಿ ಇಂತಹ ವಿಷಯಗಳಿಗೆ ಹೊಂದದು. ದೂರಿನ ಪ್ರತಿಯನ್ನು ಬಂದ ದಿನವೇ ಆಹಾರ ಸುರಕ್ಷತಾಧಿಕಾರಿಗೆ ಅಥವಾ ಔಷಧ ಪರಿವೀಕ್ಷಕರಿಗೆ ಕಳುಹಿಸಿ, ಅವರ ಸ್ವೀಕೃತಿಯನ್ನು ಅದೇ ಕಡತದಲ್ಲಿ ಸೇರಿಸಿಡತಕ್ಕದ್ದು.